ಎರಡು ಬೆರಳು ಮೇಲೆ

ಮುಂಗೈಯ ನಾಳ ಸೆಟೆದುಕೊಂಡಿತಂತೆ, ತೊಡೆಯ ದಾರಿ ಹಿಡಿದರು.
ತಂತಿ ಹೋಗಿಬಂತು, ಸ್ಟೆಂಟು ಕೂತಿತು,
ಡಾಕ್ಟರು ಸೀಸದ ಕೋಟು ಕಳಚಿ ಮನೆಗೆ ಹೋದರು.
ಉಳಿದದ್ದು ಒಂದು ತೂತು.
ಅದು ನನ್ನ ಪಾಲಿನದು.

ಬೀರುವಿನಲ್ಲಿ ಬೆಣೆಯುಂಟು,
ದನದ ಹಿಮ್ಮಡಿಯ ನಾರಿನದು,
ಚಿಟಿಕೆ ಹೊಡೆವಷ್ಟರಲ್ಲಿ ಮುಚ್ಚುತ್ತದೆ.
ರೇಷನ್ ಕಾರ್ಡಿನ ಲೆಕ್ಕಕ್ಕೆ ಅದು ಬರುವುದಿಲ್ಲ.
ಬೆರಳು ಬರುತ್ತದೆ.

ಕಾಳಮರಿಗೌಡ, ಐವತ್ತಾರು, ಮದ್ದೂರು ಕಡೆ.
ಕೇಸ್ ಶೀಟಿನಲ್ಲಿ ಯಾರೋ ಬರೆದ 'ವ್ಯವಸಾಯ'ವನ್ನು
ಹಟ ಹಿಡಿದು ಹೊಡೆಸಿಹಾಕಿದ್ದರು: ನೀರಗಂಟಿ.
ಬೆಳಿಗ್ಗೆ ಉಡಿದಾರ ಕತ್ತರಿಸುವಾಗ ನನ್ನ ಕೈ ಹಿಡಿದು
"ದಾರ ಹೋದ್ರೆ ಹೋಗ್ಲಿ, ಕೀ ಯಾರ್ಗೂ ಕೊಡ್ಬೇಡಿ" ಅಂದಿದ್ದರು.
ತೂಬಿನ ಬೀಗದಕೈ. ನನ್ನ ಜೇಬಿನಲ್ಲಿದೆ, ಪೆನ್ನಿನ ಪಕ್ಕ.

ರಕ್ತ ಹೆಪ್ಪುಗಟ್ಟಲು ಒಪ್ಪುವ ತನಕ ನಾಲ್ಕು ಗಂಟೆ ಕಾದು
ಕೊಳವೆ ಎಳೆದೆ, ಒತ್ತಿದೆ.
ಮೊದಲೆಲ್ಲ ಅವರು ಸೂರಿನ ಚೌಕಗಳನ್ನೇ ಎಣಿಸುತ್ತಿದ್ದರು,
ನನ್ನ ಕೈ ಎಲ್ಲಿದೆಯೆಂಬುದು ತಮಗೆ ಗೊತ್ತೇ ಇಲ್ಲದ ಹಾಗೆ.
ಕೆಆರ್‌ಎಸ್ ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನ್ ಹಾಕಿತು.

"ಅಲ್ಲ ಕಣವ್ವ, ಗಾಯ ಇಲ್ಲೈತೆ, ನೀನು ಅಲ್ಲೊತ್ತೀಯಲ್ಲ?"

ಸೂಜಿ ಓರೆಯಾಗಿ ಹೋಗಿರುತ್ತದೆ, ಅಂದೆ.
ಚರ್ಮದ ಬಾಯಿ ಇಲ್ಲಿ, ನಾಳದ ಬಾಯಿ ಎರಡು ಬೆರಳು ಮೇಲೆ.

"ಓ. ನಳ್ಳಿ ಬಿಲ."
ಆಮೇಲೆ ಮಾತು ನಿಲ್ಲಲಿಲ್ಲ.
"ನೀರು ಜಿನುಗೋದು ಏರಿ ಈಚೆ ಮಗ್ಗುಲಲ್ಲಿ.
ಹೊಸಬ್ರು ಅಲ್ಲೇ ಮಣ್ಣು ಮೆತ್ತವ್ರೆ,
ಬೆಳಗಾಗೋದ್ರೊಳ್ಗೆ ಏರಿನೇ ಇರಲ್ಲ.
ನಳ್ಳಿ ಹೊಕ್ಕಿರೋದು ನಾಲೆ ಒಳ್ಗಡೆ, ಮ್ಯಾಲಕ್ಕೆ.
ನೀರಿಗಿಳ್ದು ಕಾಲಲ್ಲಿ ತಡಕ್ಬೇಕು, ಎಲ್ಲಿ ಎಳೀತದೆ ಅಂತ."

ಎಳೆಯುವುದಿಲ್ಲ ಗೌಡರೇ, ಇಲ್ಲಿ ತಳ್ಳುತ್ತದೆ.
ಒಂದೊಂದು ಬಡಿತವೂ ಬೆರಳಿನ ತಳಕ್ಕೆ ಹಣೆ ಹಚ್ಚಿ
ಬಾಗಿಲು ತೆಗೆ ಎನ್ನುತ್ತದೆ.
ತೀರಾ ಅದುಮಿದರೆ ಪಾದ ತಣ್ಣಗಾಗುತ್ತದೆ.
ಸಡಿಲ ಬಿಟ್ಟರೆ ತೊಡೆಯೊಳಗೇ ಕೆರೆ.
ಇವೆರಡರ ನಡುವೆ ಒಂದು ಒತ್ತಡವಿದೆ, ಅದಕ್ಕೆ ಹೆಸರಿಲ್ಲ,
ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಒಂಬತ್ತನೇ ನಿಮಿಷ.
ನಳ್ಳಿಯ ವಿಷಯ ಅರ್ಧಕ್ಕೇ ನಿಂತಿತು.
ಮುಖ ಅಕ್ಕಿ ತೊಳೆದ ನೀರು.
ಎಪ್ಪತ್ತೆರಡು, ಐವತ್ತು, ಮೂವತ್ತೆಂಟು.
"ಬೆನೆಡಿಕ್ಟಾ, ಅಟ್ರೋಪಿನ್! ಮಂಚದ ಕಾಲ್ಗಡೆ ಎತ್ತು!"
ನಾನು ಕೈ ಬಿಡುವಂತಿಲ್ಲ.
ಬೆರಳ ಕೆಳಗೆ ಒಂದು ಬಡಿತ.

ಆಮೇಲೆ

ಎಷ್ಟೋ ಹೊತ್ತಿಗೆ
ಇನ್ನೊಂದು.

ನನ್ನ ಮೂಗಿನ ತುದಿಯ ಬೆವರು ಅವರ ಹೊದಿಕೆಗೆ ಬಿತ್ತು.

ಕಣ್ಣು ಬಿಟ್ಟರು. ತುಟಿ ಒಣಗಿತ್ತು.
"ಇವತ್ತು ಏನ್ವಾರ?"
ಗುರುವಾರ.
"ಕೊನೇ ಬಯ್ಲೋರ ಸರದಿ. ಮ್ಯಾಲಿನೋರು ಬೀಗ ಒಡೆದ್ರೆ
ಅವ್ರಿಗೆ ಬೊಗಸೆ ನೀರೂ ಸಿಕ್ಕಾಕಿಲ್ಲ...
ಕೊನೇಗಂಟ ಹೋಯ್ತಾ?"

ಬೆನೆಡಿಕ್ಟಾ ಪಾದದ ಮೇಲಿನ ಶಾಯಿಯ ಗುರುತಿಗೆ
ಬೆರಳಿಟ್ಟು ನೋಡುತ್ತಿದ್ದಳು.
"ಹೋಗ್ತಿದೆ" ಅಂದಳು.
ಗೌಡರು ಉಸಿರು ಬಿಟ್ಟರು.

ಇಪ್ಪತ್ತಾರು ನಿಮಿಷಕ್ಕೆ ಒಂದು ಬೆರಳು ಎತ್ತಿದೆ.
ಕಾದೆ. ಇನ್ನೊಂದು.
ಒಣಗಿದೆ. ಊತವಿಲ್ಲ.
ಪಟ್ಟಿ ಹಾಕಿದೆ, ಮೇಲೆ ಮರಳಿನ ಚೀಲ.
ಆರು ಗಂಟೆ ಕಾಲು ಮಡಿಸಬೇಡಿ, ತಲೆ ಎತ್ತಬೇಡಿ,
ಕೆಮ್ಮು ಬಂದರೆ ಇಲ್ಲಿ ಅಂಗೈ ಒತ್ತಿ ಹಿಡಿದು ಕೆಮ್ಮಿ.
"ಹಸಿ ಏರಿ ಮ್ಯಾಲೆ ನಡೀಬ್ಯಾಡ ಅಂತೀಯ."
ಹೂಂ, ಅದೇ.

ಬೀಗದಕೈ ಕೊಡಲು ಹೋದೆ.
ಕಟ್ಟಿಕೊಳ್ಳಲು ದಾರವಿಲ್ಲ. ಹೆಂಡತಿ ಬರುವುದು ಬೆಳಗಿನ ಬಸ್ಸಿಗೆ.
"ನಿನ್ತಾವೇ ಇರ್ಲಿ" ಎಂದು ಕಣ್ಣು ಮುಚ್ಚಿದರು.

ಹೊರಗೆ ಬಂದೆ. ಬಲಗೈಯ ಮೂರು ಬೆರಳು
ಇನ್ನೂ ಬಾಗಿಕೊಂಡೇ ಇದ್ದವು.
ಲಿಫ್ಟಿನ ಗುಂಡಿಯನ್ನು ಎಡಗೈಯಲ್ಲಿ ಒತ್ತಿದೆ.